ಚಿಕ್ಕ ಚಹಾ ಅಂಗಡಿಗೆ ಸೊಗಸಾದ ಲೋಗೋ: ಪದೇ ಪದೇ ಕೇಳುವ ಪ್ರಶ್ನೆಗಳು

ಚಹಾ ಅಂಗಡಿ ನಡೆಸುವವರು, ಹೊಸದಾಗಿ ಇಡಲು ಹೊರಟವರು, ಅಂಥವರಿಗೆ ಲೋಗೋ ಮಾಡಿಕೊಡುವ ಎಳೆಯ ಡಿಸೈನರ್‌ಗಳು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇವೆ. ಮೊದಲು ಸರಳವಾದವು, ಆಮೇಲೆ ಮುದ್ರಣ, ಫಲಕ, ಹಕ್ಕುಗಳಂಥ ತಾಂತ್ರಿಕ ವಿಷಯಗಳು. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಶುರು ಮಾಡುವ ಮುನ್ನ

ನಂದು ಪುಟ್ಟ ಅಂಗಡಿ. ಬೋರ್ಡಿನ ಮೇಲೆ ಹೆಸರು ಬರೆಸಿದರೆ ಸಾಕಲ್ಲ, ಲೋಗೋ ಅಂತ ಬೇರೆ ಯಾಕೆ?

ಹೆಸರನ್ನೇ ಚೆನ್ನಾಗಿ ಬರೆಸಿ, ಎಲ್ಲ ಕಡೆ ಅದನ್ನೇ ಬಳಸಿದರೆ ಅದೇ ಲೋಗೋ. ಚಿತ್ರ ಇರಲೇಬೇಕೆಂದಿಲ್ಲ. 1706ರಲ್ಲಿ ಲಂಡನ್ನಿನಲ್ಲಿ ಶುರುವಾದ ಟ್ವೈನಿಂಗ್ಸ್ ಚಹಾ ಕಂಪನಿಯ ಗುರುತು ಹೆಸರಿನ ಸರಳ ಅಕ್ಷರಗಳೇ. 1787ರಿಂದ ಅದನ್ನೇ ಬಳಸುತ್ತಿದ್ದೇವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ತೊಂದರೆ ಬರುವುದು ಬೋರ್ಡಿನ ಮೇಲೆ ಒಂದು ಅಕ್ಷರ, ಕಪ್ಪಿನ ಮೇಲೆ ಇನ್ನೊಂದು, ಫೋನಿನ ಪ್ರೊಫೈಲ್‌ನಲ್ಲಿ ಮತ್ತೊಂದು ಆದಾಗ. ಆಗ ಗಿರಾಕಿಗೆ ಹೆಸರು ನೆನಪಿದ್ದರೂ ಅಂಗಡಿಯ ಮುಖ ನೆನಪಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ಎಲ್ಲೆಡೆ ಒಂದೇ ಥರ ಕಾಣುವ, ಒಮ್ಮೆ ತೀರ್ಮಾನಿಸಿ ಕಡತ ಮಾಡಿಟ್ಟ ಒಂದು ರೂಪ.

ಸೊಗಸಾಗಿರಬೇಕು ಅಂತ ಎಲ್ಲರೂ ಹೇಳ್ತಾರೆ. ಸೊಗಸು ಅಂದರೆ ಏನು ಅಂತ ನೋಡೋದು ಹೇಗೆ?

ಅಭಿರುಚಿಯ ಮಾತು ಪಕ್ಕಕ್ಕಿಟ್ಟರೂ ಕಣ್ಣಿಗೆ ಕಾಣುವ ಕೆಲವು ಗುಣಗಳಿವೆ. ಲೋಗೋದಲ್ಲಿ ಎಷ್ಟು ವಿಚಾರಗಳಿವೆ ಎಂದು ಎಣಿಸಿ: ಕಪ್, ಎಲೆ, ಹಬೆ, ಬೆಟ್ಟ, ಸೂರ್ಯ ಎಲ್ಲವೂ ಇದ್ದರೆ ಐದು. ಒಂದೇ ಇರಬೇಕು, ಎರಡಿದ್ದರೆ ಅವು ಒಂದೇ ಆಕಾರದಲ್ಲಿ ಬೆರೆತಿರಬೇಕು. ಆಮೇಲೆ ಗೆರೆಯ ದಪ್ಪ. ಚಿತ್ರದ ಗೆರೆಯೂ ಅಕ್ಷರದ ಗೆರೆಯೂ ಒಂದಕ್ಕೊಂದು ಹೊಂದಬೇಕು. ತೆಳು ಅಕ್ಷರದ ಮೇಲೆ ದಪ್ಪ ಗೆರೆಯ ಕಪ್ ಕೂತರೆ ಎರಡು ಬೇರೆ ಕಡೆಯಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಕೊನೆಯದು ಖಾಲಿ ಜಾಗ. ಅಕ್ಷರಗಳ ನಡುವೆ, ಚಿತ್ರಕ್ಕೂ ಹೆಸರಿಗೂ ನಡುವೆ, ಸುತ್ತಲೂ ಎಷ್ಟು ಜಾಗ ಬಿಟ್ಟಿದ್ದೀರಿ ಎನ್ನುವುದರಲ್ಲೇ ಸೊಗಸಿನ ಅರ್ಧ ಕೆಲಸ ಮುಗಿಯುತ್ತದೆ. ನೆರಳು, ಹೊಳಪು, ಬಣ್ಣದ ಇಳಿಕೆ ಯಾವುದೂ ಇದಕ್ಕೆ ಬದಲಿಯಾಗುವುದಿಲ್ಲ. ಅವೆಲ್ಲ ತೆಗೆದು ಬರೀ ಕಪ್ಪು ಬಣ್ಣದಲ್ಲಿ ನೋಡಿದಾಗಲೂ ಚೆನ್ನಾಗಿದ್ದರೆ ಲೋಗೋ ಗಟ್ಟಿ.

ಡಿಸೈನರ್ ಹತ್ತಿರ ಹೋಗುವ ಮೊದಲು ಏನೇನು ಬರೆದಿಟ್ಟುಕೊಳ್ಳಬೇಕು?

ಒಂದು ಹಾಳೆ ಸಾಕು. ಹೆಸರಿನ ನಿಖರ ಕಾಗುಣಿತ, ಯಾವ ಯಾವ ಲಿಪಿಯಲ್ಲಿ ಬೇಕು, ಅಂಗಡಿ ಯಾರಿಗಾಗಿ (ನಿಂತು ಕುಡಿದು ಹೋಗುವವರಿಗೋ, ಕೂತು ಹರಟುವವರಿಗೋ, ಪುಡಿ ಕೊಳ್ಳಲು ಬರುವವರಿಗೋ), ನೀವು ಬೇರೆಯವರಿಗಿಂತ ಯಾವುದರಲ್ಲಿ ಬೇರೆ ಎನ್ನುವ ಒಂದೇ ವಾಕ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಲೋಗೋ ಎಲ್ಲೆಲ್ಲಿ ಬರುತ್ತದೆ, ಅಲ್ಲಿ ಎಷ್ಟು ಅಗಲ ಇರುತ್ತದೆ ಎನ್ನುವ ಪಟ್ಟಿ: ಬೋರ್ಡು 2400 ಮಿ.ಮೀ., ಕಪ್ 50, ರಬ್ಬರ್ ಸ್ಟಾಂಪು 30, ಬಿಲ್ಲಿನ ತಲೆ 25, ಹೀಗೆ. ಈ ಪಟ್ಟಿಯ ಅತಿ ಚಿಕ್ಕ ಅಳತೆಯೇ ವಿನ್ಯಾಸವನ್ನು ತೀರ್ಮಾನಿಸಬೇಕು. ಬೋರ್ಡು ನೋಡಿ ಚಿತ್ರ ಬರೆದು ಆಮೇಲೆ ಸ್ಟಾಂಪಿಗೆ ಕುಗ್ಗಿಸಲು ಹೋದವರು ಎರಡು ಸಲ ದುಡ್ಡು ಕೊಡುತ್ತಾರೆ.

## ಚಿತ್ರ

ಕಪ್, ಎಲೆ, ಮೇಲೆ ಮೂರು ಹಬೆಯ ಗೆರೆ. ಎಲ್ಲರದ್ದೂ ಇದೇ. ನಾನೂ ಇದನ್ನೇ ಮಾಡಿದರೆ ತಪ್ಪಾ?

ವಸ್ತು ಹಳೆಯದಾದರೆ ತಪ್ಪಿಲ್ಲ. ನೋಡದೆ ಬರೆಯುವುದು ತಪ್ಪು. ಎಲೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬರುವುದು ಒಂದು ಅಂಡಾಕಾರ, ನಡುವೆ ಒಂದು ಗೆರೆ. ಅದೇ ಎಲೆ ಔಷಧಿ ಅಂಗಡಿಗೂ ಬರುತ್ತದೆ, ಸಾಬೂನಿಗೂ ಬರುತ್ತದೆ. ಚಹಾ ಗಿಡದ ಎಲೆ ಹಾಗಿಲ್ಲ. ಅದು ಉದ್ದನೆಯದು, ತುದಿ ಚೂಪು, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲು. ಪಕ್ಕದ ನರಗಳು ಅಂಚನ್ನು ಮುಟ್ಟುವ ಮೊದಲೇ ಬಾಗಿ ಮೇಲಿನ ನರವನ್ನು ಸೇರುತ್ತವೆ. ಕೊಯ್ಯುವುದು ಎರಡು ಎಲೆ, ನಡುವೆ ಒಂದು ಕುಡಿ. ಆ ಕುಡಿ ಇನ್ನೂ ಬಿಚ್ಚದೆ, ಸುರುಳಿ ಸುತ್ತಿಕೊಂಡು ಸೂಜಿಯಂತೆ ನೆಟ್ಟಗಿರುತ್ತದೆ.

ಇಲ್ಲಿ ಬಹುತೇಕ ಲೋಗೋಗಳು ಒಂದು ವಿಷಯದಲ್ಲಿ ಎಡವುತ್ತವೆ. ಎರಡು ಎಲೆಗಳನ್ನು ಕಾಂಡದ ಒಂದೇ ಬಿಂದುವಿನಿಂದ ಎಡಕ್ಕೂ ಬಲಕ್ಕೂ ಸಮವಾಗಿ ಬಿಡಿಸುತ್ತಾರೆ. ಹಾಗೆ ಬರೆದರೆ ಅದು ಆಗಷ್ಟೇ ಮೊಳೆತ ಯಾವುದೋ ಸಸಿಯಂತೆ ಕಾಣುತ್ತದೆ. ಚಹಾ ಎಲೆಗಳು ಕಾಂಡದಲ್ಲಿ ಒಂದರ ಮೇಲೊಂದು, ಬದಲಿ ಬದಿಗೆ ಹುಟ್ಟುತ್ತವೆ. ಕೆಳಗಿನ ಎಲೆ ದೊಡ್ಡದು, ಮೇಲಿನದು ಚಿಕ್ಕದು. ಈ ಒಂದು ಏರುಪೇರನ್ನು ಹಿಡಿದರೆ ಸಾಕು; ಹಲ್ಲು, ನರ ಎಲ್ಲ ಬಿಟ್ಟರೂ ಆಕಾರ ಚಹಾ ಎಂದೇ ಹೇಳುತ್ತದೆ. ಹಲ್ಲು ಬೇಕೇ ಬೇಕು ಎನ್ನುವವರು ಒಂದು ಅಂಚಿನಲ್ಲಿ ಐದಾರು ಹಲ್ಲಿಗೆ ನಿಲ್ಲಿಸಿ. ಇಪ್ಪತ್ತು ಹಲ್ಲು ಚಿಕ್ಕ ಅಳತೆಯಲ್ಲಿ ಒರಟು ಅಂಚಾಗಿ ಕಾಣುತ್ತದೆ.

ಹಬೆಯ ಗೆರೆಗಳ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಸಾಧ್ಯವಾದರೆ ಬಿಡಿ. ಅವು ಲೋಗೋದ ಎತ್ತರ ಹೆಚ್ಚಿಸುತ್ತವೆ, ಆಗ ಕಪ್ಪಿನ ಅಳತೆ ಕುಗ್ಗುತ್ತದೆ, 20 ಮಿ.ಮೀ. ಅಗಲಕ್ಕೆ ಬಂದಾಗ ಮೂರೂ ಸೇರಿ ಒಂದು ಮಚ್ಚೆಯಾಗುತ್ತದೆ. ಇಡಲೇಬೇಕಾದರೆ ಒಂದೇ ಗೆರೆ, ಅದು ಎಲೆಯ ಆಕಾರವನ್ನೋ ಅಕ್ಷರದ ಸುರುಳಿಯನ್ನೋ ಹೋಲುವಂತಿರಲಿ.

ಕಪ್ ಬರೆದರೆ ಯಾಕೋ ಬಕೆಟ್ ಥರ ಕಾಣುತ್ತೆ. ಎಲ್ಲಿ ತಪ್ಪುತ್ತಿದೆ?

ಮೂರು ಕಡೆ ನೋಡಿ. ಪಕ್ಕದ ಗೆರೆಗಳು ನೇರವಾಗಿ ಓರೆಯಾಗಿ ಇಳಿದರೆ ಬಕೆಟ್. ಅವು ಮೇಲೆ ನಿಧಾನವಾಗಿ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಬೇಗ ಒಳಕ್ಕೆ ಬಾಗಬೇಕು. ತಳದ ಬಳೆಯ ಅಗಲ ಬಾಯಿಯ ಅಗಲದ ಅರ್ಧಕ್ಕಿಂತ ಕಡಿಮೆ ಇರಲಿ. ಹಿಡಿ ಅಂಚಿನಿಂದಲೇ ಶುರುವಾಗಬಾರದು, ಸ್ವಲ್ಪ ಕೆಳಗಿನಿಂದ ಹೊರಟು ಕಪ್ಪಿನ ಅರ್ಧ ಎತ್ತರ ದಾಟಿದ ಮೇಲೆ ಸೇರಲಿ.

ಮೇಲಿನಿಂದ ನೋಡಿದಂತೆ ಬರೆಯುವುದಾದರೆ ಬಾಯಿ ದೀರ್ಘವೃತ್ತವಾಗುತ್ತದೆ. ಅದರ ಎರಡು ತುದಿಗಳು ಚೂಪಾಗಬಾರದು. ಎಷ್ಟೇ ಚಪ್ಪಟೆಯಾದರೂ ತುದಿಯಲ್ಲಿ ದುಂಡಗೆ ತಿರುಗಬೇಕು. ಬಾಯಿ ದೀರ್ಘವೃತ್ತವಾಗಿ ಕಾಣುವಾಗ ತಳ ನೇರ ಗೆರೆಯಾಗಿದ್ದರೆ ಕಪ್ ಕತ್ತರಿಸಿಟ್ಟ ಹಾಗಿರುತ್ತದೆ. ತಳದ ಬಾಗು ಬಾಯಿಯ ಬಾಗಿಗಿಂತ ಕೊಂಚ ಹೆಚ್ಚೇ ಇರಬೇಕು, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನಷ್ಟು ಕೆಳಗಿದೆ. ಈ ತಲೆನೋವೇ ಬೇಡ ಎಂದರೆ ನೇರ ಪಕ್ಕದ ನೋಟ ಆರಿಸಿಕೊಳ್ಳಿ. ಚಿಕ್ಕ ಲೋಗೋಗೆ ಅದೇ ಒಳ್ಳೆಯದು.

ಹೆಸರಿಲ್ಲದೆ ಬರೀ ಚಿತ್ರ ಇಟ್ಟರೆ ದೊಡ್ಡ ಕಂಪನಿ ಥರ ಕಾಣುತ್ತಲ್ಲ?

1971ರಲ್ಲಿ ಶುರುವಾದ ಸ್ಟಾರ್‌ಬಕ್ಸ್ ಲೋಗೋದಿಂದ ಹೆಸರು ತೆಗೆದದ್ದು 2011ರಲ್ಲಿ, 40 ವರ್ಷ ಆದ ಮೇಲೆ. ಹೊಸ ಅಂಗಡಿಗೆ ಹೆಸರು ಬೇಕು. ಚಿತ್ರವನ್ನು ಹೆಸರು ಪಕ್ಕದಲ್ಲೇ ಕಾಣುವ ಜಾಗಗಳಲ್ಲಿ ಮಾತ್ರ ಒಂಟಿಯಾಗಿ ಬಳಸಿ, ಉದಾಹರಣೆಗೆ ಪ್ರೊಫೈಲ್ ಚಿತ್ರದಲ್ಲಿ.

## ಅಕ್ಷರ

ಕನ್ನಡದಲ್ಲಿ ಒಳ್ಳೆ ಫಾಂಟೇ ಇಲ್ಲ ಅಂತಾರೆ. ನಿಜವೇ?

ಆ ಮಾತು ಹಳತಾಯಿತು. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಮುಂತಾದವು ಸಿಗುತ್ತವೆ. ಇವು ಮುಕ್ತ ಪರವಾನಗಿಯ ಫಾಂಟುಗಳು. ಲೋಗೋಗೆ, ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ. ಗೆರೆಯಲ್ಲಿ ದಪ್ಪ ತೆಳುವಿನ ಏರಿಳಿತ ಇರುವ ತಿರೋ, ನೋಟೋ ಸೆರಿಫ್ ಮಾದರಿಗಳು ಶಾಂತವಾದ, ಕೂತು ಕುಡಿಯುವ ಅಂಗಡಿಗೆ ಒಪ್ಪುತ್ತವೆ. ಬಾಲೂ ತಮ್ಮ ದಪ್ಪ, ದುಂಡು, ಗಟ್ಟಿ ದನಿಯ ಅಕ್ಷರ; ದೂರದಿಂದ ಕಾಣಬೇಕಾದ ಬೋರ್ಡಿಗೆ ಸರಿ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಹಲವು ರೂಪಗಳಿರುವುದರಿಂದ ಚಿತ್ರದ ಗೆರೆಗೆ ಸರಿಹೊಂದುವ ದಪ್ಪ ಹುಡುಕುವುದು ಸುಲಭ.

ಫಾಂಟ್ ಆರಿಸಿದರೆ ಕೆಲಸ ಮುಗಿಯಲಿಲ್ಲ. ನಿಮ್ಮ ಹೆಸರಿನ ಅಕ್ಷರಗಳನ್ನಷ್ಟೇ ಟೈಪ್ ಮಾಡಿ ಹೋಲಿಸಿ. ಒಂದು ಫಾಂಟಿನಲ್ಲಿ ‘ಚ’ ಅಂದವಾಗಿದ್ದು ‘ಹ’ ಇಕ್ಕಟ್ಟಾಗಿರಬಹುದು. ನಿಮಗೆ ಬೇಕಾದ ನಾಲ್ಕೈದು ಅಕ್ಷರ ಚೆನ್ನಾಗಿದ್ದರೆ ಉಳಿದ ವರ್ಣಮಾಲೆಯ ಚಿಂತೆ ನಿಮಗಿಲ್ಲ.

ಅಕ್ಷರಗಳ ನಡುವೆ ಜಾಗ ಬಿಟ್ಟರೆ ಇಂಗ್ಲಿಷಿನಲ್ಲಿ ಚೆಂದ ಕಾಣುತ್ತೆ, ಕನ್ನಡದಲ್ಲಿ ಮುರಿದ ಹಾಗೆ ಯಾಕಾಗುತ್ತೆ?

ಕನ್ನಡದಲ್ಲಿ ಒಂದು ಅಕ್ಷರ ಎಂದರೆ ತಲಕಟ್ಟು, ಕೊಂಬು, ಇಳಿ, ಒತ್ತು ಎಲ್ಲ ಸೇರಿದ ಒಂದು ಗುಂಪು. ತಂತ್ರಾಂಶ ಕೆಲವೊಮ್ಮೆ ಆ ಗುಂಪಿನ ಒಳಗೂ ಜಾಗ ಹಾಕಿ ‘ಹಾ’ದ ಇಳಿಯನ್ನು ‘ಹ’ದಿಂದ ಕಿತ್ತು ದೂರ ಇಡುತ್ತದೆ. ಅದಕ್ಕೇ ಆ ಮುರುಕು.

ದಾರಿ ಇದು. ಮೊದಲು ಹೆಸರನ್ನು ಸಹಜ ಅಂತರದಲ್ಲೇ ಟೈಪ್ ಮಾಡಿ. ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ. ಒಂದೊಂದು ಅಕ್ಷರದ ತುಂಡುಗಳನ್ನೂ ಗುಂಪು ಮಾಡಿ. ಆಮೇಲೆ ಗುಂಪುಗಳನ್ನು ಕೈಯಾರೆ ಸರಿಸಿ. ‘ಚಿಗುರು’ ಎಂಬ ಹೆಸರು ಇದೆ ಎಂದುಕೊಳ್ಳಿ. ‘ಗು’, ‘ರು’ ಎರಡರಲ್ಲೂ ಕೊಂಬು ಬಲಕ್ಕೆ ಚಾಚಿಕೊಂಡಿದೆ, ‘ಚಿ’ಯಲ್ಲಿ ಹಾಗಿಲ್ಲ. ಅಳತೆಪಟ್ಟಿ ಹಿಡಿದು ಸಮ ಅಂತರ ಕೊಟ್ಟರೆ ಮೂರು ಅಕ್ಷರಗಳ ನಡುವಿನ ಬಿಳಿ ಜಾಗ ಸಮವಾಗಿ ಕಾಣುವುದಿಲ್ಲ. ನೋಡಬೇಕಾದ್ದು ಅಂಚಿನಿಂದ ಅಂಚಿಗಿರುವ ದೂರವನ್ನಲ್ಲ, ನಡುವೆ ಸಿಕ್ಕಿಬಿದ್ದ ಬಿಳಿಯ ಒಟ್ಟು ವಿಸ್ತಾರವನ್ನು. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಓದು ಮರೆಯಾಗಿ ಬರೀ ಆಕಾರ ಉಳಿದಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎನ್ನುವುದು ಕೂಡಲೇ ಕಣ್ಣಿಗೆ ಬೀಳುತ್ತದೆ.

ನಮ್ಮ ಹೆಸರಿನಲ್ಲಿ ಒತ್ತಕ್ಷರ ಇದೆ. ಕೆಳಗಿನ ಸಾಲಿಗೆ ತಾಗುತ್ತಿದೆ. ಒತ್ತನ್ನು ಚಿಕ್ಕದು ಮಾಡಲೇ?

ಬೇಡ. ಒತ್ತು ಕುಗ್ಗಿಸಿದರೆ ಅದರ ಗೆರೆ ಮಾತ್ರ ತೆಳುವಾಗಿ, ಮುದ್ರಣದಲ್ಲಿ ಅದೇ ಮೊದಲು ಕಳೆದುಹೋಗುತ್ತದೆ. ಕೆಳಗಿನ ಸಾಲನ್ನು ಚಿಕ್ಕದು ಮಾಡಿ ಒತ್ತಿನ ಎಡಕ್ಕೋ ಬಲಕ್ಕೋ ಸರಿಸಿ, ಇಲ್ಲವೇ ಆ ಸಾಲನ್ನೇ ತೆಗೆದುಹಾಕಿ. ಎಷ್ಟೋ ಸಲ ಒತ್ತಿನ ಇಳಿಬಾಲವೇ ಲೋಗೋದ ಗುರುತಾಗಬಲ್ಲದು: ಅದನ್ನು ಕೊಂಚ ಎಳೆದು ತಟ್ಟೆಯ ಅಂಚಾಗಿಸಬಹುದು, ಎಲೆಯಾಗಿಸಬಹುದು. ಓದಿಗೆ ಅಡ್ಡಿ ಬರಬಾರದು ಅಷ್ಟೇ. ಪರಿಚಯವಿಲ್ಲದ ಒಬ್ಬರಿಗೆ ತೋರಿಸಿ ಜೋರಾಗಿ ಓದಲು ಹೇಳಿ. ತಡವರಿಸಿದರೆ ಹಿಂದಕ್ಕೆ ಬನ್ನಿ.

ಕನ್ನಡ, ಇಂಗ್ಲಿಷ್ ಎರಡೂ ಬೇಕು. ಒಂದೇ ಅಳತೆ ಕೊಟ್ಟರೂ ಒಂದು ದೊಡ್ಡದು, ಒಂದು ಚಿಕ್ಕದು ಕಾಣುತ್ತಲ್ಲ?

ಫಾಂಟಿನ ಅಳತೆಯ ಅಂಕಿ ಎರಡು ಲಿಪಿಗಳ ನಡುವೆ ಹೋಲಿಕೆಗೆ ಬರುವುದಿಲ್ಲ. ‘ಗ’ದಂಥ ಸಾದಾ ಅಕ್ಷರದ ಎತ್ತರವನ್ನು ಇಂಗ್ಲಿಷಿನ ಸಣ್ಣಕ್ಷರದ ಎತ್ತರದೊಂದಿಗೆ ಹೋಲಿಸಿ, ಕನ್ನಡ ತುಸು ಹೆಚ್ಚಿರುವಂತೆ ಹೊಂದಿಸಿ. ಕನ್ನಡದ ಅಕ್ಷರದ ಒಳಗೆ ಸುರುಳಿಗಳು ಹೆಚ್ಚು, ಅವಕ್ಕೆ ಉಸಿರಾಡಲು ಜಾಗ ಬೇಕು. ಆಮೇಲೆ ಗೆರೆಯ ದಪ್ಪ ಹೊಂದಿಸಿ. ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಅದು ಒಂದು ಪಟ್ಟಿಯಂತೆ ಕಾಣುತ್ತದೆ. ಚಿಕ್ಕದಾಗಿ, ಸಡಿಲ ಅಂತರದಲ್ಲಿ ಕನ್ನಡದ ಕೆಳಗಿಟ್ಟರೆ ಚೆಂದ. ಎರಡರಲ್ಲಿ ಒಂದು ಹಿರಿಯದು, ಇನ್ನೊಂದು ಕಿರಿಯದು ಎಂದು ಮೊದಲೇ ತೀರ್ಮಾನಿಸಿ. ಎರಡನ್ನೂ ಸಮ ಮಾಡಹೊರಟರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ.

## ಕಾಗದದಿಂದ ಕಂಪ್ಯೂಟರಿಗೆ

ಸ್ವತಃ ಮಾಡಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ಹೋಗಲಿ?

1. ಮೂರು ಸೆಂಟಿಮೀಟರ್ ಚೌಕಗಳನ್ನು ಬರೆದು, ಒಂದೊಂದರಲ್ಲಿ ಒಂದು ವಿಚಾರದಂತೆ 30–40 ಪುಟ್ಟ ಚಿತ್ರ. ದಪ್ಪ ಪೆನ್ನು ಬಳಸಿ, ಅದು ಅನಗತ್ಯ ವಿವರ ಬರೆಯಲು ಬಿಡುವುದಿಲ್ಲ. ಮೊದಲ ಹತ್ತು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ, ನಿಲ್ಲಿಸಬೇಡಿ.
2. ಮೂರನ್ನು ಆರಿಸಿ ಅಂಗೈ ಅಗಲಕ್ಕೆ ಕಪ್ಪು ಶಾಯಿಯಲ್ಲಿ ಬರೆಯಿರಿ. ಮರುದಿನ ನೋಡಿ ಒಂದನ್ನು ಉಳಿಸಿಕೊಳ್ಳಿ.
3. ಫೋಟೋ ತೆಗೆದು ವೆಕ್ಟರ್ ತಂತ್ರಾಂಶದಲ್ಲಿ (ಚುಕ್ಕೆಗಳ ಬದಲು ಬಿಂದು, ಗೆರೆಗಳಿಂದ ಚಿತ್ರ ಮಾಡುವಂಥದ್ದು; ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದು) ಹಿನ್ನೆಲೆಗಿಟ್ಟು ಅದರ ಮೇಲೆ ಗೆರೆ ಎಳೆಯಿರಿ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನೂ ಸರಿಯಾಗಿ ತೋರಿಸುತ್ತದೆ. ಬಿಂದುಗಳನ್ನು ಬಾಗಿನ ಅತಿ ಮೇಲೆ, ಅತಿ ಕೆಳಗೆ, ಅತಿ ಎಡ, ಅತಿ ಬಲದಲ್ಲಿ ಮಾತ್ರ ಇಡಿ. ವೃತ್ತಕ್ಕೆ ನಾಲ್ಕು ಬಿಂದು ಸಾಕು, ಎಲೆಯ ಹೊರಗೆರೆಗೆ ಆರೇಳು ಸಾಕು.
4. ಕಪ್ಪು ಬಿಳುಪಿನಲ್ಲಿ ಪೂರ್ತಿ ಮುಗಿಸಿದ ಮೇಲಷ್ಟೇ ಬಣ್ಣ.
5. 12 ಮಿ.ಮೀ., 25 ಮಿ.ಮೀ., 100 ಮಿ.ಮೀ. ಅಗಲದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ ಮೂರು ಮೀಟರ್ ದೂರದಿಂದ ನೋಡಿ. ಮುಚ್ಚಿಹೋದ ಸುರುಳಿಗಳನ್ನು ಗುರುತು ಹಾಕಿ ಬಿಡಿಸಿ.

ಫೋಟೋವನ್ನು ತಾನಾಗಿ ಗೆರೆಯಾಗಿಸುವ ಆಯ್ಕೆ ಬಳಸಬೇಡಿ. ಅದು ನೂರಾರು ಬಿಂದು ಸುರಿಯುತ್ತದೆ, ಅಂಚು ಅಲೆಅಲೆಯಾಗುತ್ತದೆ, ಸ್ಟಿಕ್ಕರ್ ಕತ್ತರಿಸುವ ಯಂತ್ರದ ಬ್ಲೇಡು ಪ್ರತಿ ಬಿಂದುವಿನಲ್ಲೂ ತಡೆದು ವಿನೈಲ್ (ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ) ಹರಿಯುತ್ತದೆ.

ಎಲ್ಲ ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದೇನೆ. ಆದರೂ ಒಂದು ಕಡೆ ವಾಲಿದ ಹಾಗಿದೆ.

ಕಂಪ್ಯೂಟರ್ ಅಳೆಯುವುದು ಅಂಚನ್ನು, ಕಣ್ಣು ತೂಗುವುದು ಭಾರವನ್ನು. ಕಪ್ಪಿನ ಒಡಲು 20 ಮಿ.ಮೀ., ಹಿಡಿ 6 ಮಿ.ಮೀ. ಎಂದಿಟ್ಟುಕೊಳ್ಳಿ. ಒಟ್ಟು 26ನ್ನು ಹೆಸರಿನ ಮಧ್ಯಕ್ಕೆ ಇಟ್ಟರೆ ಒಡಲು 3 ಮಿ.ಮೀ. ಎಡಕ್ಕೆ ಹೋಗುತ್ತದೆ, ಕಪ್ ಜಾರಿದ ಹಾಗೆ ಕಾಣುತ್ತದೆ. ಒಡಲನ್ನೇ ಮಧ್ಯಕ್ಕಿಟ್ಟರೆ ಹಿಡಿ ಬಲಕ್ಕೆ ಎಳೆಯುತ್ತದೆ. ಸರಿಯಾದ ಜಾಗ ಇವೆರಡರ ನಡುವೆ, ಒಡಲಿನ ಕಡೆಗೇ ಹತ್ತಿರ: 1 ಮಿ.ಮೀ. ಎಡಕ್ಕೆ ಸರಿಸಿದರೆ ಸಾಮಾನ್ಯವಾಗಿ ಕಣ್ಣು ಒಪ್ಪುತ್ತದೆ.

ಇಂಥವು ಇನ್ನೂ ಇವೆ. 100 ಅಗಲದ ಚೌಕದ ಪಕ್ಕ 100 ಅಗಲದ ವೃತ್ತ ಚಿಕ್ಕದಾಗಿ ಕಾಣುತ್ತದೆ. 110ರ ಸುಮಾರಿಗೆ ಸಮ ಅನಿಸುತ್ತದೆ. ಒಂದೇ ದಪ್ಪದ ಅಡ್ಡಗೆರೆ ಉದ್ದಗೆರೆಗಿಂತ ದಪ್ಪ ಕಾಣುವುದರಿಂದ ಅಡ್ಡಗೆರೆಯನ್ನು ಕೂದಲೆಳೆಯಷ್ಟು ತೆಳು ಮಾಡುತ್ತಾರೆ. ದುಂಡನೆಯ ಆಕಾರಗಳು ಸಾಲುಗೆರೆಯನ್ನು ನೂರಕ್ಕೆ ಒಂದೆರಡು ಪಾಲು ದಾಟಿ ನಿಲ್ಲಬೇಕು.

ಆ್ಯಪ್‌ನಲ್ಲಿ, ಎಐನಲ್ಲಿ ಎರಡು ನಿಮಿಷಕ್ಕೆ ಲೋಗೋ ಬರುತ್ತೆ. ಅದನ್ನೇ ಇಟ್ಟುಕೊಂಡರೆ?

ವಿಚಾರ ಹುಡುಕಲು ಬಳಸಿ, ಅಂತಿಮ ರೂಪಕ್ಕೆ ಬೇಡ. ಸಿದ್ಧ ಟೆಂಪ್ಲೇಟಿನ ಚಿತ್ರ ನಿಮ್ಮೊಬ್ಬರದ್ದಾಗಿರುವುದಿಲ್ಲ, ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಪರವಾನಗಿ ಬಿಡದಿರಬಹುದು. ಎಐ ಚಿತ್ರ ಸಾಮಾನ್ಯವಾಗಿ ಚುಕ್ಕೆಗಳ ಚಿತ್ರ, ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ. ಕನ್ನಡ ಅಕ್ಷರಗಳಲ್ಲಿ ಕೊಂಬೋ ಒತ್ತೋ ತಪ್ಪಿರುವ ಸಂಭವವೂ ಹೆಚ್ಚು. ಅದರಿಂದ ಹೊಳೆದ ವಿಚಾರವನ್ನು ಕೈಯಲ್ಲಿ ಹೊಸದಾಗಿ ಬರೆದರೆ ಈ ಮೂರು ತೊಂದರೆಗಳೂ ಇರುವುದಿಲ್ಲ.

## ಬಣ್ಣ

ಚಹಾ ಅಂದರೆ ಹಸಿರು ಇಲ್ಲವೇ ಕಂದು. ಬೇರೆ ಏನು ಮಾಡಬಹುದು?

ಎಲೆಯ ಬಣ್ಣ ಬಿಟ್ಟು ಬಟ್ಟಲಿನೊಳಗಿನ ಬಣ್ಣ ನೋಡಿ. ಸೋಸಿದ ಚಹಾವನ್ನು ಬೆಳಕಿಗೆ ಹಿಡಿದರೆ ಜೇನಿನಿಂದ ತಾಮ್ರದವರೆಗೆ ಹತ್ತು ಛಾಯೆ ಸಿಗುತ್ತವೆ. ಗಾಢ ನೀಲಿಯೋ ಕಡುಗಪ್ಪಿನ ಹಸಿರೋ ಮುಖ್ಯ ಬಣ್ಣವಾಗಿದ್ದು ತಾಮ್ರ ಒಂದೇ ಕಡೆ ಬಂದರೆ ಸಾಕು. ಬಣ್ಣ ಎರಡಕ್ಕಿಂತ ಹೆಚ್ಚಾದರೆ ಪ್ರತಿ ಮುದ್ರಣದಲ್ಲೂ ಹೊಂದಿಸುವ ಕಷ್ಟ ಹೆಚ್ಚುತ್ತದೆ. ಕೆಂಪು ಹಸಿರುಗಳನ್ನು ಒಂದರ ಮೇಲೊಂದು ಇಡಬೇಡಿ. ಅವೆರಡನ್ನು ಬೇರ್ಪಡಿಸಲಾರದ ಕಣ್ಣಿನವರು ಇದ್ದಾರೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು.

ಹಿನ್ನೆಲೆಗೂ ಅಕ್ಷರಕ್ಕೂ ಹೊಳಪಿನ ಅಂತರ ಬೇಕು. ವೆಬ್ ಪುಟಗಳ ಮಾನದಂಡ ಸಾಮಾನ್ಯ ಬರಹಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಕೇಳುತ್ತದೆ. ಲೋಗೋಗೆ ಆ ನಿಯಮದಿಂದ ವಿನಾಯಿತಿ ಇದ್ದರೂ ಪಾಲಿಸುವುದು ಒಳ್ಳೆಯದು. ಬಿಳಿಯ ಮೇಲೆ ಜೇನು ಬಣ್ಣದ ಹೆಸರು ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಫೋನಿನಲ್ಲಿ ಎಳೆ ಹಸಿರು ಮಿಂಚುತ್ತಿತ್ತು, ಕಾರ್ಡಿನ ಮೇಲೆ ಮಂಕಾಗಿ ಬಂತು. ಪ್ರಿಂಟಿಂಗ್‌ನವರ ತಪ್ಪಾ?

ಬಹುಶಃ ಅಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಶಾಯಿಯಿಂದ. ಮಿಂಚುವ ಹಸಿರು, ಕಿತ್ತಳೆಗಳು ನಾಲ್ಕು ಶಾಯಿಯ ಮುದ್ರಣಕ್ಕೆ ಎಟುಕುವುದೇ ಇಲ್ಲ. ಮುದ್ರಣದಲ್ಲಿ ಬರುವ ಬಣ್ಣವನ್ನು ಮೊದಲು ಆರಿಸಿ, ಪರದೆಗೆ ಆಮೇಲೆ ಹೊಂದಿಸಿ. ನಿಖರವಾಗಿ ಬೇಕೆಂದರೆ ಪ್ಯಾಂಟೋನ್‌ನಂಥ ಸಿದ್ಧ ಶಾಯಿಯ ಸಂಖ್ಯೆ ಕೊಡಿ. ಅದರಲ್ಲೂ ನುಣುಪು ಕಾಗದ, ಸಾದಾ ಕಾಗದಗಳ ಮಾದರಿಪಟ್ಟಿ ಬೇರೆ ಬೇರೆ.

ಇನ್ನೊಂದು ಸೂಕ್ಷ್ಮ: ತೆಳು ಗೆರೆಗಳನ್ನು ನಾಲ್ಕು ಶಾಯಿ ಬೆರೆಸಿದ ಕಂದಿನಲ್ಲಿ ಮುದ್ರಿಸಿದರೆ ಹಾಳೆ ಕೂದಲೆಳೆ ಸರಿದರೂ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಚಿಕ್ಕ ಅಕ್ಷರಕ್ಕೆ ಒಂದೇ ಶಾಯಿ ಬಳಸಿ.

ಚಿನ್ನದ ಬಣ್ಣ ಬೇಕು ಅಂತ ಯಜಮಾನರ ಹಟ.

ಚಿನ್ನ ಬಣ್ಣವಲ್ಲ, ಹೊಳಪು. ಫಾಯಿಲ್ (ತೆಳುವಾದ ಹೊಳೆಯುವ ಹಾಳೆ) ಒತ್ತಿಸಿದರೆ ನಿಜಕ್ಕೂ ಚೆನ್ನ, ಗೆರೆ 0.3 ಮಿ.ಮೀ., ಗೆರೆಗಳ ನಡುವಿನ ಸಂದು 0.5 ಮಿ.ಮೀ.ಗಿಂತ ಕಡಿಮೆ ಇರದಿರಲಿ, ಇಲ್ಲದಿದ್ದರೆ ಸಂದು ತುಂಬಿಕೊಳ್ಳುತ್ತದೆ. ಪರದೆಯಲ್ಲಿ ಹಳದಿಯಿಂದ ಕಂದಿಗೆ ಇಳಿಯುವ ಛಾಯೆ ಹಾಕಿ ಚಿನ್ನ ಅನ್ನಿಸಲು ಹೋಗಬೇಡಿ. ಅಲ್ಲಿ ಸಪಾಟಾದ ಕಂದುಹಳದಿ ಒಂದೇ ಸಾಕು.

ಕಂದು ಕ್ರಾಫ್ಟ್ ಕವರಿನ ಮೇಲೆ ಯಾವ ಬಣ್ಣ ಕೂರುತ್ತೆ?

ಕಪ್ಪು, ಗಾಢ ಹಸಿರು, ಗಾಢ ನೀಲಿ. ಸಾಮಾನ್ಯ ಶಾಯಿ ಪಾರದರ್ಶಕ, ಕಾಗದದ ಕಂದು ಅದರಲ್ಲಿ ಬೆರೆಯುತ್ತದೆ. ತಿಳಿ ಬಣ್ಣ ಬೇಕಾದರೆ ಅಡಿಯಲ್ಲಿ ಬಿಳಿ ಶಾಯಿ ಹಾಕಿಸಬೇಕು, ಖರ್ಚು ಹೆಚ್ಚು. ಹೀರುವ ಕಾಗದದಲ್ಲಿ ಶಾಯಿ ಹರಡುವುದರಿಂದ ಕವರಿಗೆಂದೇ ಸುರುಳಿಗಳು ತುಸು ಬಿಚ್ಚಿದ ಒಂದು ರೂಪ ಇಟ್ಟುಕೊಳ್ಳಿ.

## ಬೋರ್ಡು, ಕಪ್, ಸ್ಟಾಂಪು

ಬೋರ್ಡಿನ ಅಕ್ಷರ ಎಷ್ಟು ಎತ್ತರ ಇರಬೇಕು?

ಆರಾಮವಾಗಿ ಓದಲು ಪ್ರತಿ 3 ಮೀಟರ್ ದೂರಕ್ಕೆ 25 ಮಿ.ಮೀ. ಎತ್ತರ ಎನ್ನುವುದು ಬೋರ್ಡಿನವರ ಸಾಮಾನ್ಯ ಲೆಕ್ಕ. ರಸ್ತೆಯಾಚೆ 30 ಮೀಟರ್ ದೂರದಿಂದ ಕಾಣಬೇಕಾದರೆ 250 ಮಿ.ಮೀ. ಕನ್ನಡಕ್ಕೆ ಇದರ ಮೇಲೆ ಕಾಲು ಭಾಗ ಸೇರಿಸಿ. ಎತ್ತರವನ್ನು ಒತ್ತು ಬಿಟ್ಟು, ಸಾದಾ ಅಕ್ಷರದ ಮೇಲೆ ಅಳೆಯಿರಿ. ಒತ್ತು ಸೇರಿಸಿ ಅಳೆದರೆ ಅಕ್ಷರ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ. ಒಳಗೆ ಎಲ್‌ಇಡಿ ಕೂರಿಸುವ ಅಕ್ಷರವಾದರೆ ಅತಿ ತೆಳು ಗೆರೆಯೂ ಸುಮಾರು 30 ಮಿ.ಮೀ. ಅಗಲ ಇರಬೇಕು. ದಪ್ಪ ತೆಳುವಿನ ಏರಿಳಿತ ಇರುವ ಫಾಂಟುಗಳು ಇಲ್ಲಿಯೇ ಸಿಕ್ಕಿಬೀಳುವುದು.

ಗಾಢ ಹಿನ್ನೆಲೆಯ ಮೇಲೆ ಬಿಳಿ ಲೋಗೋ ಇಟ್ಟರೆ ಅದೇ ಗೆರೆ ಬೇರೆ ದಪ್ಪ ಕಾಣುತ್ತಲ್ಲ?

ಪರದೆಯ ಮೇಲೆ, ಬೆಳಗುವ ಬೋರ್ಡಿನಲ್ಲಿ ಬಿಳಿ ಹರಡಿ ದಪ್ಪ ಕಾಣುತ್ತದೆ. ಅಲ್ಲಿಗೆ ಗೆರೆ ಸ್ವಲ್ಪ ತೆಳುವಾಗಬೇಕು. ಮುದ್ರಣದಲ್ಲಿ ಇದರ ವಿರುದ್ಧ: ಸುತ್ತಲಿನ ಶಾಯಿ ಬಿಳಿಯೊಳಗೆ ನುಗ್ಗಿ ಗೆರೆ ಸಣಕಲಾಗುತ್ತದೆ, ಅಲ್ಲಿಗೆ ದಪ್ಪ ಮಾಡಬೇಕು. ಒಂದೇ ಬಿಳಿ ಕಡತವನ್ನು ಎರಡಕ್ಕೂ ಕೊಡಬೇಡಿ.

ಪೇಪರ್ ಕಪ್ಪಿನ ಮೇಲೆ ಹೆಸರು ಬಿಲ್ಲಿನ ಹಾಗೆ ಬಾಗಿ ಬಂತು.

ಕಪ್ಪಿನ ಹಾಳೆ ಆಯತವಲ್ಲ, ಬೀಸಣಿಗೆಯ ಆಕಾರದ್ದು. ಕಪ್ ಮಾಡುವವರಿಂದ ಆ ಆಕಾರದ ನಕ್ಷೆ ತರಿಸಿಕೊಂಡು ಲೋಗೋವನ್ನು ಅದೇ ಬಾಗಿಗೆ ಹೊಂದಿಸಿದರೆ, ಸುತ್ತಿದ ಮೇಲೆ ನೆಟ್ಟಗೆ ಕಾಣುತ್ತದೆ. ಬಾಯಿ 80 ಮಿ.ಮೀ. ಇರುವ ಕಪ್ಪಿನ ಸುತ್ತಳತೆ 251 ಮಿ.ಮೀ.; ಎದುರಿನಿಂದ ತಿರುಚದೆ ಕಾಣುವುದು ಅದರ ಸುಮಾರು ಐದನೇ ಒಂದು ಭಾಗ. ಹಾಗಾಗಿ ಲೋಗೋ 50–55 ಮಿ.ಮೀ. ದಾಟಬಾರದು. ಮೇಲಿನ ಸುರುಳಿ ಅಂಚಿನಿಂದ 10 ಮಿ.ಮೀ. ಬಿಡಿ, ತುಟಿ ತಾಗುವ ಜಾಗದಲ್ಲಿ ಶಾಯಿ ಬೇಡ. ಅಂಟಿನ ಜೋಡಣೆಯ ಮೇಲೆ ಏನನ್ನೂ ಇಡಬೇಡಿ. ಎದುರುಬದುರು ಎರಡು ಸಲ ಮುದ್ರಿಸಿದರೆ ಕುಡಿಯುವವರಿಗೂ ಎದುರು ಕೂತವರಿಗೂ ಕಾಣುತ್ತದೆ.

ಸ್ಟಾಂಪು, ಏಪ್ರನ್ ಮೇಲಿನ ಕಸೂತಿ, ಗಾಜಿನ ಸ್ಟಿಕ್ಕರ್… ಎಲ್ಲಕ್ಕೂ ಒಂದೇ ಲೋಗೋ ನಡೆಯುತ್ತಾ?

ರೂಪ ಒಂದೇ, ವಿವರದ ಮಟ್ಟ ಬೇರೆ. ರಬ್ಬರ್ ಸ್ಟಾಂಪಿಗೆ ಗೆರೆ 0.3, ಸಂದು 0.4 ಮಿ.ಮೀ. ಕನಿಷ್ಠ. ಯಂತ್ರದ ಕಸೂತಿಗೆ ಗೆರೆ 1 ಮಿ.ಮೀ., ಕನ್ನಡ ಅಕ್ಷರ 8 ಮಿ.ಮೀ. ಎತ್ತರ, ಅದಕ್ಕಿಂತ ಚಿಕ್ಕದಾದರೆ ದಾರ ಸುರುಳಿಯನ್ನು ಮುಚ್ಚುತ್ತದೆ. ಕತ್ತರಿಸಿ ಅಂಟಿಸುವ ವಿನೈಲ್‌ಗೆ 3 ಮಿ.ಮೀ., ಇಲ್ಲವಾದರೆ ಒರೆಸುವಾಗ ಏಳುತ್ತದೆ. ಪೂರ್ತಿ ಲೋಗೋ, ಅಡಿಬರಹವಿಲ್ಲದ ಲೋಗೋ, ಬರೀ ಚಿತ್ರ ಹೀಗೆ ಮೂರು ಮಟ್ಟ ಇಟ್ಟುಕೊಂಡರೆ ಎಲ್ಲ ಕೆಲಸ ಸಾಗುತ್ತದೆ.

ಪ್ರೊಫೈಲ್ ಚಿತ್ರದಲ್ಲಿ ಹೆಸರಿನ ಎರಡು ತುದಿ ಕತ್ತರಿಸಿ ಹೋಗುತ್ತೆ.

ಅದು ವೃತ್ತಕ್ಕೆ ಕತ್ತರಿಸುತ್ತದೆ. ವೃತ್ತದೊಳಗೆ ಕೂರುವ ಅತಿ ದೊಡ್ಡ ಚೌಕದ ಬದಿ ವ್ಯಾಸದ ನೂರಕ್ಕೆ 70 ಮಾತ್ರ. ಅಷ್ಟರೊಳಗೆ ಚಿತ್ರವನ್ನೋ ಮೊದಲ ಅಕ್ಷರವನ್ನೋ ಇಡಿ.

## ಕಡತ, ಹಕ್ಕು

ಡಿಸೈನರ್ ಬರೀ ಜೆಪಿಜಿ ಕಳಿಸಿದ್ದಾರೆ. ಇನ್ನೇನು ಕೇಳಿ ತೆಗೆದುಕೊಳ್ಳಬೇಕು?

ಮೂಲ ಕಡತ, ಎಸ್‌ವಿಜಿ ಎಂಬ ವೆಕ್ಟರ್ ರೂಪ, ಪಿಡಿಎಫ್, ಹಿನ್ನೆಲೆ ಪಾರದರ್ಶಕವಾದ ಪಿಎನ್‌ಜಿ. ಪ್ರತಿಯೊಂದೂ ಬಣ್ಣ, ಒಂಟಿ ಕಪ್ಪು, ಬಿಳಿ ಮೂರೂ ರೂಪದಲ್ಲಿ. ಜೊತೆಗೆ ಫಾಂಟಿನ ಹೆಸರು, ಬಣ್ಣದ ಅಂಕಿಗಳು, ಸುತ್ತ ಬಿಡಬೇಕಾದ ಜಾಗ (ಹೆಸರಿನ ಒಂದು ಅಕ್ಷರದ ಅಗಲ ಎಂದರೆ ಯಾರಿಗೂ ಅರ್ಥವಾಗುತ್ತದೆ), ಅತಿ ಚಿಕ್ಕ ಅಳತೆ ಬರೆದ ಒಂದು ಪುಟ. ಕೃತಿಯ ಹಕ್ಕು ನಿಮಗೆ ವರ್ಗವಾಗಿದೆ ಎಂಬ ಬರಹವನ್ನೂ ಪಡೆಯಿರಿ; ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ತಾನಾಗಿ ಬರುತ್ತದೆಂದು ನಂಬಿಕೊಳ್ಳಬೇಡಿ.

ಬೋರ್ಡಿನವರು ಕಡತ ತೆರೆದರೆ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ.

ಅವರ ಯಂತ್ರದಲ್ಲಿ ನಿಮ್ಮ ಫಾಂಟ್ ಇಲ್ಲ, ಅಥವಾ ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಅವರು ಹಳೆಯ ನುಡಿ ಫಾಂಟಿನಲ್ಲಿ ತೆರೆಯುತ್ತಿದ್ದಾರೆ. ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ ಮಾಡಿ. ಕೋರೆಲ್‌ಡ್ರಾನಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲಸ್ಟ್ರೇಟರ್‌ನಲ್ಲಿ ಶಿಫ್ಟ್, ಕಂಟ್ರೋಲ್, ಓ. ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್, ಕಂಟ್ರೋಲ್, ಸಿ. ಆಮೇಲೆ ಅದು ಬರಹವಲ್ಲ, ಚಿತ್ರ; ಎಲ್ಲಿ ತೆರೆದರೂ ಒಂದೇ. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇಲಸ್ಟ್ರೇಟರ್‌ನಲ್ಲೇ ಒತ್ತು ಬಿಡಿಬಿಡಿಯಾಗಿ ಕಂಡರೆ ದಕ್ಷಿಣ ಏಷ್ಯಾ ಲಿಪಿಗಳ ಕಂಪೋಸರ್ ಆಯ್ಕೆ ಆನ್ ಮಾಡಿ.

ಟ್ರೇಡ್‌ಮಾರ್ಕ್ ಮಾಡಿಸುವಾಗ ಯಾವ ವರ್ಗ ಹೇಳಬೇಕು?

ಸರಕು, ಸೇವೆಗಳನ್ನು ಸಂಖ್ಯೆ ಕೊಟ್ಟು ವಿಂಗಡಿಸುವ, 1957ರ ನೀಸ್ ಅಂತರರಾಷ್ಟ್ರೀಯ ಒಪ್ಪಂದದ ವರ್ಗೀಕರಣವನ್ನು ಹೆಚ್ಚಿನ ದೇಶಗಳು ಬಳಸುತ್ತವೆ. ಚಹಾ ಪುಡಿ, ಎಲೆ ನಿಮ್ಮ ಹೆಸರಿನಲ್ಲಿ ಮಾರುವುದಾದರೆ 30ನೇ ವರ್ಗ. ಕುಡಿಯಲು ಕೊಡುವ ಸೇವೆಗೆ 43. ಬೇರೆಯವರ ಸರಕಿನ ಚಿಲ್ಲರೆ ಮಾರಾಟಕ್ಕೆ 35. ಕೂತು ಕುಡಿಯುವ ಅಂಗಡಿಯವರು 30 ಒಂದನ್ನೇ ಹಾಕಿ ನಿಜವಾದ ಕೆಲಸಕ್ಕೆ ಬೇಕಾದ 43 ಬಿಡುವುದುಂಟು. ‘ಒಳ್ಳೆಯ ಚಹಾ’ದಂಥ ಬರೀ ವರ್ಣನೆಯ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ವೃತ್ತದೊಳಗಿನ ಆರ್ ಚಿಹ್ನೆಯನ್ನು ನೋಂದಣಿ ಆದ ಮೇಲಷ್ಟೇ ಹಾಕಬೇಕು, ಅನೇಕ ದೇಶಗಳಲ್ಲಿ ಅದಕ್ಕೂ ಮೊದಲು ಹಾಕುವುದು ಅಪರಾಧ. ಬೋರ್ಡಿಗೆ ದುಡ್ಡು ಸುರಿಯುವ ಮೊದಲೇ ಅದೇ ವರ್ಗದಲ್ಲಿ ಹೋಲುವ ಹೆಸರು ಇದೆಯೇ ಎಂದು ಹುಡುಕಿ.

ಹತ್ತು ವರ್ಷದ ಹಳೇ ಲೋಗೋ ಇದೆ. ಪೂರ್ತಿ ಬದಲಿಸಲೇ, ತಿದ್ದಲೇ?

ನಿಮ್ಮ ಗಿರಾಕಿಗಳಲ್ಲಿ ಕೆಲವರಿಗೆ ಖಾಲಿ ಕಾಗದ ಕೊಟ್ಟು ನೆನಪಿನಿಂದ ಲೋಗೋ ಬರೆಯಲು ಹೇಳಿ. ಹೆಚ್ಚಿನವರು ಯಾವುದನ್ನು ಬರೆಯುತ್ತಾರೋ, ಅದು ಬಣ್ಣವಿರಲಿ, ಎಲೆಯ ಓರೆಯಿರಲಿ, ಅದನ್ನು ಉಳಿಸಿಕೊಂಡು ಉಳಿದದ್ದನ್ನು ತಿದ್ದಿ. ಯಾರಿಗೂ ಏನೂ ನೆನಪಾಗದಿದ್ದರೆ ಹೊಸದಾಗಿ ಮಾಡಿ. ಕಪ್, ಕವರ್‌ಗಳ ಹಳೆಯ ದಾಸ್ತಾನು ಮುಗಿಯುವ ಹೊತ್ತಿಗೆ ಬದಲಾವಣೆ ಇಟ್ಟುಕೊಂಡರೆ ಯಾವುದನ್ನೂ ಬಿಸಾಡಬೇಕಾಗುವುದಿಲ್ಲ. ಬೋರ್ಡು ಮಾತ್ರ ಮೊದಲ ದಿನವೇ ಬದಲಾಗಲಿ.